ರವಿವಾರ ರಾತ್ರಿ ಹನ್ನೆರಡೂವರೆ ಅಂದರೆ ಯಾವಾಗ? ಹುಬ್ಬಳ್ಳಿಯ ಒಂದು ಮೈದಾನದಲ್ಲಿ ವಿಶ್ವಕಪ್ ತೋರಿಸಿದ ಪ್ರಕರಣ

ಹಿನ್ನೆಲೆ

ಇದು 2022ರ ನವೆಂಬರ್–ಡಿಸೆಂಬರ್ ತಿಂಗಳ ಮಾತು. ಹುಬ್ಬಳ್ಳಿಯ ಗದಗ ರಸ್ತೆ ಕಡೆಗೆ ಒಂದು ಮೈದಾನ. ಅಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಫುಟ್‌ಬಾಲ್ ಕಲಿಸುವ ಒಂದು ಸಣ್ಣ ಬಳಗ. ಬಳಗದ ಹೆಸರಾಗಲಿ, ಓಣಿಯ ಹೆಸರಾಗಲಿ, ಜನರ ಹೆಸರಾಗಲಿ ಇಲ್ಲಿ ಬರುವುದಿಲ್ಲ. ಒಂದೆರಡು ಗುರುತುಗಳನ್ನು ಬೇಕಂತಲೇ ಬದಲಿಸಿದ್ದೇನೆ. ನಾನು ಆ ಬಳಗದ ಲೆಕ್ಕ ಬರೆಯುವವ, ಪೋಸ್ಟರ್ ಬರೆಯುವವನೂ ನಾನೇ. ಹೀಗಾಗಿ ಮುಂದೆ ಬರುವ ದೊಡ್ಡ ತಪ್ಪಿನ ಯಜಮಾನನೂ ನಾನೇ.

ಹುಬ್ಬಳ್ಳಿಗೆ ಫುಟ್‌ಬಾಲ್ ಬಂದದ್ದು ರೈಲಿನ ಹಿಂದೆಯೇ. ವರ್ಕ್‌ಶಾಪ್, ರೈಲ್ವೆ ಕ್ವಾರ್ಟರ್ಸು, ಅವುಗಳ ನಡುವಿನ ಬಯಲು ಇವೇ ಈ ಆಟದ ತವರು. ನಮ್ಮ ಕೋಚ್ ಕೂಡ ರೈಲ್ವೆಯಲ್ಲಿ ದುಡಿದು ನಿವೃತ್ತರಾದವರು. ಮಕ್ಕಳಿಗೆ ಅವರು ‘ಕೋಚ್ ಕಾಕಾ’. ಮೈದಾನದಲ್ಲಿ ಹುಲ್ಲು ಅನ್ನುವುದು ಮಳೆಗಾಲದ ಎರಡು ತಿಂಗಳ ಮಾತು. ಉಳಿದಂತೆ ಕೆಂಪು ಮಣ್ಣು, ಒಂದು ಮೂಲೆಯಲ್ಲಿ ತಗಡಿನ ಶೆಡ್ಡು. ಅದನ್ನೇ ನಾವು ಹಾಲ್ ಅನ್ನುತ್ತೇವೆ. ಮೂರು ಕಡೆ ಗೋಡೆ, ಮುಂದೆ ಶಟರ್.

ಕತಾರ್‌ನ ವಿಶ್ವಕಪ್ಪು ನವೆಂಬರ್ 20ಕ್ಕೆ ಶುರುವಾಗಿ ಡಿಸೆಂಬರ್ 18ಕ್ಕೆ ಮುಗಿಯುವುದಿತ್ತು. 32 ತಂಡ, 64 ಪಂದ್ಯ, ಎಂಟು ಕ್ರೀಡಾಂಗಣ. ಹಿಂದಿನ ಟೂರ್ನಿಗಳಲ್ಲಿ ಒಂದು ಊರಿನಿಂದ ಇನ್ನೊಂದಕ್ಕೆ ವಿಮಾನ ಹಿಡಿಯಬೇಕಾಗುತ್ತಿತ್ತು. ಇಲ್ಲಿ ಅತಿ ದೂರದ ಎರಡು ಕ್ರೀಡಾಂಗಣಗಳು, ಉತ್ತರದ ಅಲ್ ಬೈತ್ ಮತ್ತು ದಕ್ಷಿಣದ ಅಲ್ ಜನೂಬ್, ಸುಮಾರು 75 ಕಿಲೋಮೀಟರ್ ಅಂತರದಲ್ಲಿದ್ದವು. ಕೋಚ್ ಕಾಕಾ ಇದನ್ನು ಗೋಡೆಯ ಮೇಲೆ ಸೀಮೆಸುಣ್ಣದಿಂದ ಬರೆದು, ‘ಇಡೀ ವಿಶ್ವಕಪ್ಪ ಹುಬ್ಬಳ್ಳಿ-ಹಾವೇರಿ ನಡುವ ಮುಗೀತದ ತಿಳೀರಿ’ ಅಂದದ್ದೇ ತಡ, ಮಕ್ಕಳು ನಕಾಶೆ ಮಾಡಿಬಿಟ್ಟರು. ಒಬ್ಬ ಅಲ್ ಬೈತ್ ಅನ್ನು ಹುಬ್ಬಳ್ಳಿಗೆ ಕೂರಿಸಿದ, ಅಲ್ ಜನೂಬ್ ಹಾವೇರಿಗೆ ಹೋಯಿತು. ನಡುವೆ ಶಿಗ್ಗಾವಿ, ಬಂಕಾಪುರಕ್ಕೂ ಒಂದೊಂದು ಕ್ರೀಡಾಂಗಣ ಸಿಕ್ಕಿತು. ಬಂಕಾಪುರದ ನವಿಲುಗಳಿಗೆ ಪಾಸ್ ಕೊಡಬೇಕು ಅಂತ ಯಾರೋ ಅಂದರು.

ಪಂದ್ಯ ತೋರಿಸೋಣ ಎಂಬ ಮಾತು ಬಂದದ್ದು ಈ ನಕಾಶೆಯ ಮುಂದೆ ಕೂತಾಗಲೇ. ಮನೆಯಲ್ಲಿ ಟಿವಿ ಇದ್ದರೂ ಧಾರಾವಾಹಿ ಬಿಟ್ಟು ಫುಟ್‌ಬಾಲ್ ಹಾಕುವ ಮನೆಗಳು ಎಷ್ಟಿದ್ದಾವು? ಹನ್ನೆರಡು ಜನ ತಲಾ 500 ಹಾಕಿದೆವು. ಪ್ರೊಜೆಕ್ಟರ್ ಒಬ್ಬರ ಪರಿಚಯದ ಮೇಲೆ ಬಾಡಿಗೆಗೆ ಬಂತು. ಪೆಂಡಾಲಿನವರು ಬಿಳಿ ಬಟ್ಟೆ ಮತ್ತು ಎರಡು ಸೌಂಡ್ ಬಾಕ್ಸ್ ಕೊಟ್ಟರು.

ಮೊದಲ ನಿರ್ಧಾರ: ಬ್ಯಾನರ್ ಬೇಡ

ಒಬ್ಬ ವ್ಯಾಪಾರಸ್ಥರು ತಾವಾಗಿಯೇ ಬಂದು, ಪೂರ್ತಿ ಖರ್ಚು ತಮ್ಮದು, ಎಲ್‌ಇಡಿ ಪರದೆಯನ್ನೇ ತರಿಸುತ್ತೇವೆ, ಅಂಗಡಿಯ ಬ್ಯಾನರ್ ಎರಡೂ ಕಡೆ ಇರಲಿ ಅಂದರು. ನಮ್ಮಲ್ಲಿ ಅರ್ಧ ಜನ ಅಲ್ಲೇ ಕರಗಿದರು. ಬಳಗದ ಇಬ್ಬರು ಹುಡುಗರು ವಿಶ್ವಕಪ್ ನಡೆಸುವ ಫಿಫಾದ ನಿಯಮ ಓದಿಕೊಂಡು ಬಂದಿದ್ದರು. ಟಿಕೆಟ್ ಇಟ್ಟರೆ ಅಥವಾ ಪ್ರಾಯೋಜಕರನ್ನು ಹಿಡಿದರೆ ಅದು ವಾಣಿಜ್ಯ ಪ್ರದರ್ಶನ, ಅದಕ್ಕೆ ಪರವಾನಗಿ ಬೇಕು, ಶುಲ್ಕವೂ ಇರುತ್ತದೆ. ‘ಯಾರು ನೋಡಾಕ ಬರ್ತಾರ ಬಿಡ್ರಿ’ ಎಂಬ ಮಾತೂ ಬಂತು. ಕೋಚ್ ಕಾಕಾ ಒಂದೇ ಮಾತಿಗೆ ಮುಗಿಸಿದರು: ‘ಆಫ್‌ಸೈಡ್ ಅಂತ ಗೊತ್ತಿದ್ದೂ ಗೋಲ್ ಹೊಡದ್ರ ಅದು ಗೋಲ್ ಆಗಂಗಿಲ್ಲ.’ ಬ್ಯಾನರೂ ಬೇಡ, ಎಲ್‌ಇಡಿಯೂ ಬೇಡ ಎಂದಾಯಿತು. ಈ ನಿರ್ಧಾರದ ಬಗ್ಗೆ ನನಗೆ ಇವತ್ತಿಗೂ ಎರಡು ಮನಸ್ಸಿಲ್ಲ. ಮುಂದೆ ಆದ ಗೊಂದಲಗಳಲ್ಲಿ ದುಡ್ಡು ಕೊಟ್ಟ ಯಜಮಾನರೊಬ್ಬರು ಇದ್ದಿದ್ದರೆ ನಾವು ತಪ್ಪು ತಿದ್ದಿಕೊಳ್ಳುವ ಬದಲು ಅವರಿಗೆ ಸಮಜಾಯಿಷಿ ಕೊಡುತ್ತಾ ಕೂರುತ್ತಿದ್ದೆವು.

ಸಮಸ್ಯೆ ಶುರುವಾದದ್ದು ಶಬ್ದದಿಂದ

ನವೆಂಬರ್ 20, ರವಿವಾರ. ಅಲ್ ಬೈತ್‌ನಲ್ಲಿ ಕತಾರ್ ಮತ್ತು ಈಕ್ವೆಡಾರ್, ನಮ್ಮಲ್ಲಿ ರಾತ್ರಿ 9.30ಕ್ಕೆ. ಅಲ್ ಬೈತ್ ಅಂದರೆ ಮನೆ. ಅರಬ್ ಅಲೆಮಾರಿಗಳ ಡೇರೆಯ ಆಕಾರದಲ್ಲಿ ಕಟ್ಟಿದ ಕ್ರೀಡಾಂಗಣ. ನಾವೂ ಬಯಲಲ್ಲಿ ಎರಡು ಬಿದಿರು ನೆಟ್ಟು ಬಟ್ಟೆ ಬಿಗಿದಿದ್ದೆವು, ಹೀಗಾಗಿ ನಮ್ಮದೂ ಒಂಥರಾ ಡೇರೆಯೇ. ಜನ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚು ಬಂದಿದ್ದರು. ಮಿರ್ಚಿ ಭಜಿಯವ ತನ್ನ ಗಾಡಿಯನ್ನೂ ತಳ್ಳಿಕೊಂಡು ಬಂದ.

ಈಕ್ವೆಡಾರ್‌ನ ವ್ಯಾಲೆನ್ಸಿಯಾ 16ನೇ ನಿಮಿಷದಲ್ಲಿ ಪೆನಾಲ್ಟಿ ಹೊಡೆದ. 31ನೇ ನಿಮಿಷಕ್ಕೆ ತಲೆಯಿಂದ ಇನ್ನೊಂದು. ಎರಡನೆಯದು ಬಿದ್ದಾಗ ನಮ್ಮ ಗಡಿಯಾರ ಹತ್ತು ದಾಟಿತ್ತು. ಸೌಂಡ್ ಬಾಕ್ಸಿನ ಅಬ್ಬರ, ಮಕ್ಕಳ ಕೂಗು, ಎದುರಿನ ಮನೆಯ ನಾಯಿ. ಹತ್ತು ನಿಮಿಷಕ್ಕೆ ಬೀಟಿನ ಪೊಲೀಸರು ಬಂದರು. ಬೈಯಲಿಲ್ಲ. ‘ಎದುರು ಮನ್ಯಾಗ ಆರಾಮ ಇಲ್ಲದವ್ರು ಅದಾರ. ಹತ್ತರ ಮ್ಯಾಲೆ ಸ್ಪೀಕರ್ ಇಲ್ಲ ಅನ್ನೂದು ನಿಮಗ ಗೊತ್ತಿಲ್ಲೇನ್ರಿ?’ ಅಂದರು. ಗೊತ್ತಿತ್ತು. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಲ್ಲಿ ಧ್ವನಿವರ್ಧಕ ಹಚ್ಚುವಂತಿಲ್ಲ. ಹಬ್ಬಕ್ಕೋ ಜಾತ್ರೆಗೋ ಸರಕಾರ ಮಧ್ಯರಾತ್ರಿವರೆಗೆ ವಿನಾಯಿತಿ ಕೊಡಬಹುದು, ಅದೂ ವರ್ಷಕ್ಕೆ 15 ದಿನ ಮೀರದಂತೆ. ಗಣಪತಿ ಕೂಡಿಸುವ ಓಣಿಯವರಿಗೆ ಈ ನಿಯಮ ಬಾಯಿಪಾಠ. ಫುಟ್‌ಬಾಲ್ ವಿಷಯಕ್ಕೆ ಬಂದಾಗ ಮಾತ್ರ ಅದು ನೆನಪಾಗಲಿಲ್ಲ ಅನ್ನುವುದೇ ಸೋಜಿಗ.

ದೂರು ಕೊಟ್ಟವರು ಎದುರು ಮನೆಯ ನಿವೃತ್ತ ಶಿಕ್ಷಕಿ. ಮರುದಿನ ಕೋಚ್ ಕಾಕಾ ಮತ್ತು ನಾನು ಅವರ ಮನೆಗೆ ಹೋದೆವು. ಅವರು ಚಾ ಕೊಟ್ಟರು, ಆದರೆ ಮಾತು ಸಡಿಲಿಸಲಿಲ್ಲ. ‘ನೀವು ಆಟ ತೋರಸ್ರಿ, ನಾ ಬ್ಯಾಡ ಅನ್ನೂದಿಲ್ಲ. ನಮ್ಮ ಯಜಮಾನ್ರು ರಾತ್ರಿ ಔಷಧ ತಗೊಂಡು ಹತ್ತಕ್ಕ ಮಲಗತಾರ. ಅಷ್ಟ ನೋಡ್ಕೋರಿ.’

ನಾವು ಪಟ್ಟಿ ತೆಗೆದು ಕೂತೆವು. ಕತಾರ್ ಗಡಿಯಾರ ನಮಗಿಂತ ಎರಡೂವರೆ ತಾಸು ಹಿಂದೆ. ಗುಂಪು ಹಂತದ ಮೊದಲೆರಡು ಸುತ್ತುಗಳ ಪಂದ್ಯಗಳು ನಮ್ಮಲ್ಲಿ ಮಧ್ಯಾಹ್ನ 3.30, ಸಂಜೆ 6.30, ರಾತ್ರಿ 9.30 ಮತ್ತು 12.30ಕ್ಕೆ, ಆಮೇಲಿನವು ಬಹುತೇಕ 8.30 ಮತ್ತು 12.30ಕ್ಕೆ. ಮೂರೂವರೆಗೆ ಶಾಲೆ. ಆರೂವರೆಗೆ ನಮ್ಮದೇ ತರಬೇತಿ. ಜನ ನೋಡಬಯಸುವ ದೊಡ್ಡ ಪಂದ್ಯಗಳು ಹೆಚ್ಚಾಗಿ ಉಳಿದದ್ದು ರಾತ್ರಿಗೇ. ಬಯಲು ಬಿಟ್ಟು ಶೆಡ್ಡಿಗೆ ಹೋಗುವುದು, ಹತ್ತಕ್ಕೆ ಸರಿಯಾಗಿ ಸೌಂಡ್ ಬಂದ್ ಮಾಡುವುದು, ಶಟರ್ ಅರ್ಧ ಇಳಿಸುವುದು ಎಂದು ನಿರ್ಧಾರವಾಯಿತು. ಮುಚ್ಚಿದ ಸಭಾಂಗಣದ ಒಳಗಿನ ಸದ್ದಿಗೆ ನಿಯಮದಲ್ಲಿ ಅವಕಾಶವಿದೆ, ನಮ್ಮದನ್ನೂ ಸಭಾಂಗಣ ಅನ್ನಬಹುದು ಎಂದು ಒಬ್ಬರು ವಾದಿಸಿದರು. ತಗಡಿನ ಶೆಡ್ಡನ್ನು ಸಭಾಂಗಣ ಎಂದು ಕಾಗದದ ಮೇಲೆ ಕರೆಯಬಹುದು, ಆದರೆ ತಗಡು ಸದ್ದು ಹಿಡಿದಿಡುವುದಿಲ್ಲವಲ್ಲ.

ಮೂಕ ಪಂದ್ಯ ಯಾರು ನೋಡುತ್ತಾರೆ ಎಂಬ ಅನುಮಾನ ಎಲ್ಲರಿಗೂ ಇತ್ತು. ಅದನ್ನು ಕೋಚ್ ಕಾಕಾ ತಾವೇ ಬಗೆಹರಿಸಿದರು. ಮೈಕಿಲ್ಲದೆ, ಪರದೆಯ ಪಕ್ಕ ಸ್ಟೂಲ್ ಹಾಕಿಕೊಂಡು, ಪಕ್ಕದ ಮನೆಯವರ ಜೊತೆ ಮಾತಾಡುವ ದನಿಯಲ್ಲಿ ಆಟ ಹೇಳತೊಡಗಿದರು. ‘ಆ ಎಡಗಡಿ ಬ್ಯಾಕ್‌ನ ನೋಡ್ರಿ, ಚೆಂಡ ಬಿಟ್ಟು ಮನಶ್ಯಾನ್ನ ನೋಡಾಕತ್ಯಾನ… ಹಾ, ಈಗ ಹ್ವಾದ ನೋಡ… ಬ್ಯಾಡೋ ತಮ್ಮಾ, ಹಿಂದ ಕೊಡು… ಹಿಂದ ಕೊಡು ಅಂದ್ನಿ, ಕೊಡಲಿಲ್ಲ.’ ವಿರಾಮದಲ್ಲಿ ಸೋಡಾ ಬಾಟಲಿಯ ಬಿರಡೆಗಳನ್ನು ನೆಲದ ಮೇಲೆ ಸಾಲಾಗಿಟ್ಟು ಯಾರು ಎಲ್ಲಿ ನಿಂತಿದ್ದರು ಎಂದು ತೋರಿಸುತ್ತಿದ್ದರು. ಕೋಲಾದ ಕೆಂಪು ಬಿರಡೆ ಒಂದು ತಂಡ, ಗೋಲಿ ಸೋಡಾದ ಗೋಲಿ ಇನ್ನೊಂದು ತಂಡ. ಟಿವಿಯ ಕಾಮೆಂಟರಿ ಇದ್ದಾಗ ಚೆಂಡು ನೋಡುತ್ತಿದ್ದ ಮಕ್ಕಳು, ಅದು ಇಲ್ಲದಾಗ ಆಟಗಾರರನ್ನು ನೋಡತೊಡಗಿದರು. ಪೊಲೀಸರು ಬಾರದೆ ಹೋಗಿದ್ದರೆ ನಮಗೆ ಇದು ಹೊಳೆಯುತ್ತಲೇ ಇರಲಿಲ್ಲ.

ದೊಡ್ಡ ತಪ್ಪು

ನವೆಂಬರ್ 22, ಮಂಗಳವಾರ ಮಧ್ಯಾಹ್ನ ಲುಸೈಲ್‌ನಲ್ಲಿ ಅರ್ಜೆಂಟೀನಾ–ಸೌದಿ ಅರೇಬಿಯಾ. ಅದು ನಮ್ಮ ಪಟ್ಟಿಯಲ್ಲಿ ಇರಲಿಲ್ಲ. ಶಾಲೆಯ ಹೊತ್ತು, ಮೇಲಾಗಿ 36 ಪಂದ್ಯ ಸೋಲದೆ ಬಂದ ತಂಡ ಸೌದಿಯನ್ನು ಸೋಲಿಸುವುದರಲ್ಲಿ ನೋಡುವಂಥದ್ದೇನಿದೆ ಎಂಬ ಉಡಾಫೆ. ಸೌದಿ 2–1ರಿಂದ ಗೆದ್ದಿತು. ಮೊದಲರ್ಧದಲ್ಲಿ ಅರ್ಜೆಂಟೀನಾದ ಮೂರು ಗೋಲು ಆಫ್‌ಸೈಡ್ ಆಗಿ ರದ್ದಾದವು. ಸಂಜೆ ಮೈದಾನಕ್ಕೆ ಬಂದ ಹುಡುಗರ ಮುಖ ಸಾವಿನ ಮನೆಯಿಂದ ಬಂದವರ ಹಾಗಿತ್ತು. ಎಲ್ಲರ ಬೆನ್ನ ಮೇಲೂ ಅರ್ಜೆಂಟೀನಾದ ಮೆಸ್ಸಿಯ 10ನೇ ನಂಬರೇ.

ಮುಂದಿನ ಪಂದ್ಯ ಮೆಕ್ಸಿಕೊ ಜೊತೆ. ಅದರಲ್ಲೂ ಸೋತರೆ ಮೆಸ್ಸಿ ಮನೆಗೆ. ಎಲ್ಲಿಂದಲೋ ಸುದ್ದಿ ಹಬ್ಬಿ ಉಣಕಲ್ಲಿನವರು, ಕೇಶ್ವಾಪುರದವರು, ಕುಂದಗೋಳ ಕಡೆಯವರೂ ಫೋನ್ ಮಾಡತೊಡಗಿದರು. ಇದೊಂದಕ್ಕೆ ಬೇರೆ ಪೋಸ್ಟರ್ ಮಾಡೋಣ ಅಂದೆವು. ನಾನು ಫೋನಿನಲ್ಲಿ ವೇಳಾಪಟ್ಟಿ ತೆಗೆದೆ. ಅದರಲ್ಲಿ ಭಾರತೀಯ ಕಾಲಮಾನಕ್ಕೆ ಇಳಿಸಿ 27 ನವೆಂಬರ್, ರವಿವಾರ, 12.30 ಎಎಮ್ ಎಂದಿತ್ತು. ನಾನು ದಪ್ಪ ಅಕ್ಷರದಲ್ಲಿ ಬರೆದೆ:

‘ನ. 27, ರವಿವಾರ, ರಾತ್ರಿ 12.30ಕ್ಕೆ. ಅರ್ಜೆಂಟೀನಾ–ಮೆಕ್ಸಿಕೊ. ಲುಸೈಲ್ ಕ್ರೀಡಾಂಗಣ. ಎಲ್ಲರೂ ಬರ್ರಿ.’

ಒಂದಕ್ಷರವೂ ಸುಳ್ಳಲ್ಲ. ಆದರೂ ಇಡೀ ಪೋಸ್ಟರ್ ಸುಳ್ಳು. ದೋಹಾದಲ್ಲಿ 26ನೇ ತಾರೀಖು ಶನಿವಾರ ರಾತ್ರಿ 10ಕ್ಕೆ ಶುರುವಾಗುವ ಆಟ ನಮಗೆ ಶನಿವಾರ ಊಟ ಮುಗಿಸಿ ಎರಡು ತಾಸಿಗೆ ಬರುತ್ತದೆ. ‘ರವಿವಾರ ರಾತ್ರಿ’ ಎಂದು ಓದಿದವರು ರವಿವಾರದ ಹಗಲು ಕಳೆದು ಬರುವ ರಾತ್ರಿಯನ್ನೇ ತಿಳಿದುಕೊಳ್ಳುತ್ತಾರೆ. ಬಳಗದ ವಾಟ್ಸ್ಆಪ್ ಗುಂಪಿನಲ್ಲಿ ಶನಿವಾರ ಸಂಜೆ ಕೋಚ್ ಕಾಕಾ ‘ಇವತ್ತ ರಾತ್ರಿ ಮರೀಬ್ಯಾಡ್ರಿ’ ಎಂದು ಹಾಕಿದ್ದರಿಂದ ನಮ್ಮವರು ಬಂದರು, ಇಪ್ಪತ್ತೈದು ಮೂವತ್ತು ಜನ. ಹೊರಗಿನವರು ಯಾಕೋ ಬರಲಿಲ್ಲವಲ್ಲ ಎಂದುಕೊಂಡೇ ಪಂದ್ಯ ನೋಡಿದೆವು. ಲುಸೈಲ್‌ನಲ್ಲಿ ಆ ರಾತ್ರಿ ಕೂತವರು 88,966 ಮಂದಿ. ಮೆಸ್ಸಿ 64ನೇ ನಿಮಿಷದಲ್ಲಿ ಹೊಡೆದ, ಎನ್ಝೋ ಫರ್ನಾಂಡೆಝ್ 87ರಲ್ಲಿ. 2–0.

ಬೆಳಿಗ್ಗೆ ಫೋನು ಶುರುವಾದವು. ‘ಅಲ್ರಿ ಸರ, ಮ್ಯಾಚ್ ಮುಗದ ಹೋಗೈತಂತಲ್ಲ?’ ಎಂಟು–ಹತ್ತು ಫೋನು ಬಂದಮೇಲೆ ನನಗೆ ಪೋಸ್ಟರ್ ನೆನಪಾಗಿ ಬೆವರಿದೆ. ಗುಂಪಿನಲ್ಲಿ ಕ್ಷಮೆ ಕೇಳಿದೆ. ಪೋಸ್ಟರ್ ಅಂಟಿಸಿದ್ದ ನಾಲ್ಕು ಜಾಗಗಳಲ್ಲಿ ಮೂರನ್ನು ಕಿತ್ತೆ. ನಾಲ್ಕನೆಯದು, ಬೈಪಾಸ್ ಕಡೆ ಗ್ಯಾರೇಜಿನ ಹತ್ತಿರದ್ದು, ಸಂಜೆ ಕಿತ್ತರಾಯಿತು ಎಂದುಕೊಂಡು ಬಿಟ್ಟೆ.

ಆ ರಾತ್ರಿ ಸುಮಾರು ಹನ್ನೆರಡೂಕಾಲಿಗೆ ಒಬ್ಬ ಗೂಡ್ಸ್ ಟೆಂಪೊ ಓಡಿಸುವವರು ತಮ್ಮ ಇಬ್ಬರು ಗಂಡುಮಕ್ಕಳನ್ನು ಕರೆದುಕೊಂಡು ಬಂದರು. ಮಕ್ಕಳು ಮೈತುಂಬ ಚಾದರ ಹೊದ್ದಿದ್ದರು, ಕೈಯಲ್ಲಿ ಚುರುಮುರಿಯ ಕಟ್ಟು. ಗ್ಯಾರೇಜಿನ ಪೋಸ್ಟರ್ ನೋಡಿಯೇ ಬಂದದ್ದು. ದಿನವಿಡೀ ಗಾಡಿಯ ಮೇಲಿದ್ದವರಿಗೆ ಫಲಿತಾಂಶ ಗೊತ್ತಾಗಿರಲಿಲ್ಲ, ರಾತ್ರಿಯ ಒಂದು ಬಾಡಿಗೆಯನ್ನೂ ಬಿಟ್ಟಿದ್ದರಂತೆ. ಶಟರ್ ಇಳಿದಿತ್ತು. ಮೈದಾನದ ವಾಚ್‌ಮನ್ ಒಬ್ಬರೇ ಇದ್ದರು. ‘ನಿನ್ನೇನ ಮುಗೀತಲ್ರಿ ಯಣ್ಣಾ’ ಅಂದರಂತೆ. ಚಿಕ್ಕವ ಅಳಲು ಶುರುಮಾಡಿದ. ದೊಡ್ಡವನು ಮಾತ್ರ, ‘ಇವತ್ತೂ ಹನ್ನೆರಡೂವರಿಗೆ ಮ್ಯಾಚ್ ಐತಿ’ ಅಂದ. ನಿಜಕ್ಕೂ ಇತ್ತು! ಅದೇ ಹೊತ್ತಿಗೆ ಅಲ್ ಬೈತ್‌ನಲ್ಲಿ ಸ್ಪೇನ್ ಮತ್ತು ಜರ್ಮನಿ. ವಾಚ್‌ಮನ್ ತಮ್ಮ ಫೋನನ್ನು ನೀರಿನ ಕೊಡದ ಮೇಲೆ ಆನಿಸಿಟ್ಟು, ಕುರ್ಚಿ ಹಾಕಿ, ನಾಲ್ಕೂ ಜನ ಪೂರ್ತಿ ಆಟ ನೋಡಿದರು. 1–1. ಇದೆಲ್ಲ ನನಗೆ ಗೊತ್ತಾದದ್ದು ಮರುದಿನ ವಾಚ್‌ಮನ್ ಬಾಯಿಂದ. ಆ ಪಂದ್ಯವನ್ನು ನಮ್ಮ ಪಟ್ಟಿಯಿಂದ ಕೈಬಿಟ್ಟವನೂ ನಾನೇ ಆಗಿದ್ದೆ.

ತಿದ್ದಿಕೊಳ್ಳಲು ಮಾಡಿದ ಪ್ರಯತ್ನಗಳು

ಇಲ್ಲಿ ಒಂದು ಮಾತು ಸೇರಿಸಬೇಕು. ರೈಲ್ವೆಯವರ ಬಳಗಕ್ಕೆ ಈ ತಪ್ಪು ಆಗಬಾರದಿತ್ತು. ರಾತ್ರಿ ಹನ್ನೆರಡರ ಮೇಲಿನ ಗಾಡಿಗೆ ಟಿಕೆಟ್ ಮಾಡಿಸಿ ಒಂದು ದಿನ ತಡವಾಗಿ ಸ್ಟೇಷನ್ನಿಗೆ ಬರುವವರನ್ನು ಕೋಚ್ ಕಾಕಾ ತಮ್ಮ ನೌಕರಿಯುದ್ದಕ್ಕೂ ನೋಡಿದವರು. ‘ಹದಿನೈದನೇ ತಾರೀಖಿನ ಟಿಕೆಟ್ ಐತಿ, ಗಾಡಿ 00.15ಕ್ಕ. ಹದಿನೈದಕ್ಕ ರಾತ್ರಿ ಊಟಾ ಮಾಡಿ, ಸಂಸಾರ ಸಮೇತ, ಟ್ರಂಕ್ ಹೊತ್ಕೊಂಡು ಬರ್ತಾರ. ಗಾಡಿ ಹಿಂದಿನ ರಾತ್ರೀನ ಹೋಗಿರ್ತದ. ಅವರಿಗೆ ತಿಳಿಸಿ ಹೇಳೂದು ನನ್ನ ಕೆಲಸ ಆಗಿತ್ತು. ಈಗ ನಾನ ಹಂಗ ಮಾಡ್ದೆ ನೋಡು.’ ತಪ್ಪು ನನ್ನದು, ಅವರು ಅದನ್ನು ತಮ್ಮದೆಂದು ಹೇಳಿಕೊಂಡರು. ಅದು ನನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಮೊದಲ ಪ್ರಯತ್ನವಾಗಿ ರೈಲ್ವೆ ಪದ್ಧತಿಯಂತೆ 00.30 ಎಂದು ಬರೆದು ನೋಡಿದೆವು. ಓದಿದ ಇಬ್ಬರು ಸೊನ್ನೆ ಸೊನ್ನೆ ಏನು ಅಂದರು. ಮತ್ತೊಬ್ಬರು ಅದನ್ನು ಅರ್ಧ ತಾಸಿನ ಕಾರ್ಯಕ್ರಮ ಎಂದುಕೊಂಡರು. ಎರಡನೆಯದು ‘ಶನಿವಾರ–ರವಿವಾರ ನಡುವಿನ ಮಧ್ಯರಾತ್ರಿ’. ಇದು ಸರಿ, ಆದರೆ ಓದಿ ಅರ್ಥ ಮಾಡಿಕೊಳ್ಳಲು ಬೆರಳು ಮಡಚಬೇಕು. ಮೂರನೆಯದನ್ನು ಕೊಟ್ಟದ್ದು ಒಬ್ಬ ಹುಡುಗನ ಅಜ್ಜಿ. ಮೊಮ್ಮಗನನ್ನು ಕರೆದೊಯ್ಯಲು ಬಂದವರು ನಮ್ಮ ಪೇಚಾಟ ಕೇಳಿ, ‘ಹೊತ್ತ ಹುಟ್ಟೂತನಾ ಶನಿವಾರನ ಅಲ್ಲೇನಪಾ? ಪಂಚಾಂಗದಾಗ ವಾರ ಬದಲಾಗೂದ ಸೂರ್ಯ ಹುಟ್ಟಿದ ಮ್ಯಾಲೆ. ನಡುರಾತ್ರ್ಯಾಗ ವಾರ ಬದಲ್ ಮಾಡಿದವ್ರು ಯಾರು?’ ಅಂದರು.

ವಿಷಯ ಪೂರ್ತಿ ಅಲ್ಲಿತ್ತು. ನಾನು ಗಡಿಯಾರದ ದಿನವನ್ನು ಬರೆದಿದ್ದೆ, ಜನ ಬದುಕುವುದು ಸೂರ್ಯೋದಯದಿಂದ ಸೂರ್ಯೋದಯದ ದಿನವನ್ನು. ತಾರೀಖು ಸರಿಯಾಗಿರಬೇಕೆಂಬ ಹಟದಲ್ಲಿ ನಾನು ಓದುವವರ ರಾತ್ರಿಯನ್ನೇ ಕಳೆದುಬಿಟ್ಟಿದ್ದೆ.

ಹೊಸ ಪದ್ಧತಿ ಹೀಗಾಯಿತು: ಪೋಸ್ಟರಿನಲ್ಲಿ ವಾರವೇ ಮೊದಲು ಮತ್ತು ದೊಡ್ಡದು, ತಾರೀಖು ಸಣ್ಣದು. ‘ಬುಧವಾರ ರಾತ್ರಿ, ಊಟಾ ಮಾಡಿ ಮಲಗೂಕಿಂತ ಮೊದಲ, 12.30ಕ್ಕೆ.’ ಅಂಟಿಸುವ ಮೊದಲು ಚಾದಂಗಡಿಯಲ್ಲಿ ಐದು ಜನಕ್ಕೆ ತೋರಿಸಿ ‘ಯಾವಾಗ ಬರ್ತೀರಿ?’ ಎಂದಷ್ಟೇ ಕೇಳುವುದು. ಐದೂ ಜನ ಒಂದೇ ಉತ್ತರ ಕೊಟ್ಟರೆ ಮಾತ್ರ ಅಂಟಿಸುವುದು. ಈ ಪರೀಕ್ಷೆ ಮೊದಲ ದಿನವೇ ಕೆಲಸಕ್ಕೆ ಬಂತು. ಬುಧವಾರದ್ದು ಪೋಲೆಂಡ್–ಅರ್ಜೆಂಟೀನಾ, ನಡೆಯುವ ಜಾಗ ‘ಸ್ಟೇಡಿಯಂ 974’. ಚಾದಂಗಡಿಯಲ್ಲಿ ಒಬ್ಬರು ಪೋಸ್ಟರ್ ಓದಿ, ‘ಫ್ರೀ ಅಂತಿದ್ರಿ, ಈಗ 974 ರೂಪಾಯಿ ಟಿಕೆಟ್ ಇಟ್ಟೀರೇನ್ರಿ?’ ಅಂದರು. ಕ್ರೀಡಾಂಗಣದ ಹೆಸರನ್ನು ಪೋಸ್ಟರಿನಿಂದಲೇ ತೆಗೆದೆವು, ಅದು ಒಳಗಿನ ನಕಾಶೆಗೆ ಹೋಯಿತು.

ನಕಾಶೆಯಲ್ಲಿ ಅದಕ್ಕೆ ಮರ್ಯಾದೆ ಸಿಕ್ಕಿತು ಬಿಡಿ. 974 ಕತಾರ್‌ನ ಫೋನ್ ಕೋಡ್. ಕಟ್ಟಲು ಬಳಸಿದ ಹಡಗಿನ ಕಂಟೇನರ್‌ಗಳೂ ಅಷ್ಟೇ. ಬೇಕೆಂದಾಗ ಬಿಚ್ಚಿ ಬೇರೆ ಕಡೆ ಒಯ್ಯಬಹುದಾದ ಕ್ರೀಡಾಂಗಣ. ಉಳಿದ ಏಳಕ್ಕಿದ್ದ ತಂಪು ಮಾಡುವ ವ್ಯವಸ್ಥೆ ಇದಕ್ಕಿರಲಿಲ್ಲ, ಹೀಗಾಗಿ ಅಲ್ಲಿನ ಏಳೂ ಪಂದ್ಯಗಳನ್ನು ಹೊತ್ತು ಮುಳುಗಿದ ಮೇಲೇ ಇಟ್ಟಿದ್ದರು. ‘ನಮ್ಮ ಶೆಡ್ಡ ಹಂಗ’ ಅಂದ ಒಬ್ಬ ಹುಡುಗ. ತಗಡು, ಬಿಸಿಲಿಗೆ ಕುದಿಯುತ್ತದೆ, ರಾತ್ರಿಗಷ್ಟೇ ಉಪಯೋಗ. ಅಂದಿನಿಂದ ಶೆಡ್ಡಿಗೆ 974 ಎಂದೇ ಹೆಸರು ಬಿತ್ತು. ಈಗಲೂ ಮಕ್ಕಳು ‘ಚೆಂಡ 974ನ್ಯಾಗ ಐತಿ’ ಅನ್ನುತ್ತಾರೆ.

ಟೆಂಪೊದವರ ಮನೆಗೆ ಕೋಚ್ ಕಾಕಾ ಒಬ್ಬರೇ ಹೋಗಿ ಬಂದರು. ನಾನು ಬರುತ್ತೇನೆ ಅಂದರೆ ಬೇಡ ಅಂದರು. ಏನು ಮಾತಾಯಿತೋ ಗೊತ್ತಿಲ್ಲ. ಮುಂದಿನ ವಾರದಿಂದ ಆ ಇಬ್ಬರು ಹುಡುಗರು ಸಂಜೆ ತರಬೇತಿಗೆ ಬರತೊಡಗಿದರು.

ಏನಾಯಿತು

ಡಿಸೆಂಬರ್ 9, ಶುಕ್ರವಾರ ರಾತ್ರಿ ನೆದರ್ಲೆಂಡ್ಸ್–ಅರ್ಜೆಂಟೀನಾ. ಪೋಸ್ಟರ್ ಸರಿಯಿತ್ತು, ಎಲ್ಲರೂ ಸರಿಯಾದ ರಾತ್ರಿಗೇ ಬಂದರು. ಎಡವಿದ್ದು ಬೇರೆ ಕಡೆ. ಅರ್ಜೆಂಟೀನಾ 2–0 ಮುಂದಿದ್ದ ಆಟ ನೆದರ್ಲೆಂಡ್ಸ್‌ನ ವೆಗ್‌ಹೋರ್ಸ್ಟ್‌ನ ಎರಡು ಗೋಲಿನಿಂದ, ಅದರಲ್ಲೂ ಎರಡನೆಯದು 90 ನಿಮಿಷದ ಮೇಲೆ ಸೇರಿಸಿದ ಹೊತ್ತಿನ ಹನ್ನೊಂದನೇ ನಿಮಿಷದಲ್ಲಿ, 2–2 ಆಗಿ, ಮತ್ತೆ ಅರ್ಧ ತಾಸು, ಮತ್ತೆ ಪೆನಾಲ್ಟಿ. ಮುಗಿದಾಗ ಮೂರು ದಾಟಿತ್ತು. ಶನಿವಾರ ಮುಂಜಾನೆಯ ಶಾಲೆ. ಮಕ್ಕಳನ್ನು ಎಬ್ಬಿಸಲಾಗದ ತಾಯಂದಿರು ನಮ್ಮ ಬಗ್ಗೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಮಾರನೇ ದಿನವೇ ಹೊಸ ಕಟ್ಟಳೆ ಬಂತು: ಮರುದಿನ ಶಾಲೆ ಇದ್ದರೆ 12.30ರ ಪಂದ್ಯಕ್ಕೆ ಹೈಸ್ಕೂಲಿಗಿಂತ ಸಣ್ಣವರಿಗೆ ಪ್ರವೇಶವಿಲ್ಲ, ದೊಡ್ಡವರು ಬಂದರೆ ಮನೆಯವರೊಬ್ಬರು ಜೊತೆಗಿರಬೇಕು. 14 ಮತ್ತು 15ರ ಸೆಮಿಫೈನಲ್‌ಗಳಿಗೆ ಜನ ಅರ್ಧಕ್ಕರ್ಧ ಕಡಿಮೆಯಾದರು. ಅದು ಸರಿಯಾದದ್ದೇ. (14 ಮತ್ತು 15 ಎಂದು ಬರೆದು ಮತ್ತೆ ಅದೇ ತಪ್ಪು ಮಾಡಿದೆ. ಮಂಗಳವಾರ ರಾತ್ರಿ ಮತ್ತು ಬುಧವಾರ ರಾತ್ರಿ.)

ಅರ್ಜೆಂಟೀನಾ–ಫ್ರಾನ್ಸ್ ಫೈನಲ್ ರವಿವಾರ ರಾತ್ರಿ 8.30ಕ್ಕೆ, ಯಾವ ಗೊಂದಲಕ್ಕೂ ಎಡೆಯಿಲ್ಲದ ರವಿವಾರ. ಶೆಡ್ಡು ತುಂಬಿ ಶಟರಿನ ಹೊರಗೂ ಜನ. ಮೆಸ್ಸಿಯ ಪೆನಾಲ್ಟಿ, ಡಿ ಮರಿಯಾ ಗೋಲು, ಮೊದಲರ್ಧಕ್ಕೇ 2–0. ಹತ್ತು ಗಂಟೆಯಾದಾಗ ದ್ವಿತೀಯಾರ್ಧ ನಡೆದಿತ್ತು. ಇವತ್ತೊಂದು ದಿನ ಸೌಂಡ್ ಬಿಡ್ರಿ ಎಂದು ನಾಲ್ಕೂ ಕಡೆಯಿಂದ ಒತ್ತಾಯ. ಕೋಚ್ ಕಾಕಾ ತಾವೇ ಎದ್ದು ವೈರ್ ಕಿತ್ತು, ಕೈಯಲ್ಲಿ ಸುತ್ತಿಕೊಂಡು ಕೂತರು. ಹೇಗೂ ಗೆದ್ದಾಯಿತು ಎಂದು ಹತ್ತಿಪ್ಪತ್ತು ಜನ ಎದ್ದು ಹೊರಟರು.

ಆಮೇಲೆ ಒಂದು ವಿಚಿತ್ರ ನಡೆಯಿತು. ಫ್ರಾನ್ಸ್‌ಗೆ ಪೆನಾಲ್ಟಿ ಸಿಕ್ಕಿತ್ತು, ಪರದೆಯ ಮೇಲೆ ಅದನ್ನು ಇನ್ನೂ ಹೊಡೆದಿರಲಿಲ್ಲ. ಎದುರು ಮನೆಯಿಂದ, ಅದೇ ಶಿಕ್ಷಕಿಯ ಮನೆಯಿಂದ, ‘ಗೋ…ಲ್!’ ಎಂದು ಕೂಗು ಬಂತು. ಅರ್ಧ ನಿಮಿಷದ ಮೇಲೆ ನಮ್ಮ ಪರದೆಯಲ್ಲಿ ಫ್ರಾನ್ಸ್‌ನ ಎಂಬಾಪೆ ಆ ಪೆನಾಲ್ಟಿ ಹೊಡೆದ. ನಾವು ಉಸಿರೆಳೆದುಕೊಳ್ಳುವುದರೊಳಗೆ ಆ ಮನೆಯಿಂದ ಮತ್ತೊಂದು ಕೂಗು. 97 ಸೆಕೆಂಡಿನಲ್ಲಿ ಎರಡು ಗೋಲು, ಎರಡನ್ನೂ ನಾವು ಮೊದಲು ಕಿವಿಯಿಂದ ಕೇಳಿ ಆಮೇಲೆ ಕಣ್ಣಿಂದ ನೋಡಿದೆವು. ಅವರದು ಡಿಶ್, ನಮ್ಮದು ಫೋನಿನಿಂದ ಪ್ರೊಜೆಕ್ಟರಿಗೆ ಕೊಟ್ಟ ಇಂಟರ್ನೆಟ್ಟು. ಇಂಟರ್ನೆಟ್ಟಿನಲ್ಲಿ ಬರುವುದು ಯಾವಾಗಲೂ ಹಿಂದೆ. ರಜೆಗೆ ಬಂದ ಶಿಕ್ಷಕಿಯ ಮೊಮ್ಮಗ ಫ್ರಾನ್ಸ್ ಕಡೆಯವನಂತೆ. ಯಜಮಾನರೂ ಎಚ್ಚರವಾಗಿದ್ದರಂತೆ, ಔಷಧಿ ಅರ್ಧ ತಾಸು ತಡವಾಯಿತಂತೆ.

ಮುಂದಿನದು ಎಲ್ಲರಿಗೂ ಗೊತ್ತು. 108ನೇ ನಿಮಿಷಕ್ಕೆ ಮೆಸ್ಸಿ, 118ಕ್ಕೆ ಮತ್ತೆ ಎಂಬಾಪೆ, 3–3, ಪೆನಾಲ್ಟಿಯಲ್ಲಿ ಅರ್ಜೆಂಟೀನಾ 4–2. ಆದರೆ ನಮ್ಮ ಶೆಡ್ಡಿನಲ್ಲಿ ಪ್ರತಿ ಪೆನಾಲ್ಟಿಗೂ ಮುನ್ನ ಜನ ಪರದೆ ಬಿಟ್ಟು ಎದುರು ಮನೆಯ ಕಿಟಕಿ ನೋಡುತ್ತಿದ್ದರು. ಕಿಟಕಿ ಮೌನವಾಗಿದ್ದರೆ ನಮಗೆ ಒಳ್ಳೆಯ ಸುದ್ದಿ. ಮೊದಲೇ ಎದ್ದು ಹೋದ ಹತ್ತಿಪ್ಪತ್ತು ಜನರಲ್ಲಿ ಒಬ್ಬರೂ ಮರಳಿ ಬರಲಿಲ್ಲ. ಅವರಲ್ಲಿ ಕೆಲವರು ಇವತ್ತಿಗೂ 2–0 ಆದಮೇಲೆ ಎದ್ದದ್ದನ್ನು ಒಪ್ಪಿಕೊಳ್ಳುವುದಿಲ್ಲ.

ಬೇರೆಯವರು ಮಾಡುವುದಾದರೆ

ಗದಗಿನಿಂದ ಒಬ್ಬರು, ಹಾವೇರಿಯಿಂದ ಒಬ್ಬರು ಇದನ್ನು ಹೇಗೆ ಮಾಡಿದಿರಿ ಎಂದು ಕೇಳಿದ್ದರು. ಪ್ರೊಜೆಕ್ಟರಿನ ಬಾಡಿಗೆ, ಬಟ್ಟೆಯ ಅಳತೆ ಇವೇ ಅವರ ಪ್ರಶ್ನೆಗಳು. ಅದು ಯಾರಾದರೂ ಹೇಳುತ್ತಾರೆ. ನಾನು ಹೇಳಿದ್ದು, ಮೊದಲು ಎದುರು ಮನೆಗೆ ಹೋಗಿ ಚಾ ಕುಡಿಯಿರಿ ಎಂದು. ಪಂದ್ಯ ಹಾಕುವ ಮೊದಲು, ಪೊಲೀಸರು ಬಂದ ಮೇಲಲ್ಲ. ಎರಡನೆಯದು, ಟೂರ್ನಿಯ ವೇಳಾಪಟ್ಟಿಯನ್ನು ಹಾಗೇ ನಕಲು ಮಾಡಬೇಡಿ. ಅದು ದೋಹಾದವರಿಗೂ ಟಿವಿಯವರಿಗೂ ಮಾಡಿದ ಪಟ್ಟಿ. ಅದರ ಪಕ್ಕ ನಿಮ್ಮೂರ ಶಾಲೆಯ ಗಂಟೆ, ಊಟದ ಹೊತ್ತು, ಹತ್ತು ಗಂಟೆಯ ಗೆರೆ ಎಳೆದು ಬೇರೆ ಪಟ್ಟಿ ಮಾಡಬೇಕು. ದೊಡ್ಡ ತಂಡ, ದೊಡ್ಡ ಹೆಸರು ಎಂದು ಪಂದ್ಯ ಆರಿಸುವುದೂ ಅಷ್ಟೇ ಮೋಸ. ನಾವು ಬಿಟ್ಟ ಎರಡು ಪಂದ್ಯಗಳೇ ಆ ವಾರ ಎಲ್ಲರ ಬಾಯಲ್ಲಿದ್ದವು. ಇನ್ನೊಂದು ಚಿಕ್ಕ ವಿಷಯ, ಡಿಶ್ ಇದ್ದರೆ ಡಿಶ್ಶೇ ಹಾಕಿ.

ಕೈಯಿಂದ ಜಾರಿದ ಪೋಸ್ಟರನ್ನು ಕೀಳುವ ವಿಷಯ ಯಾರೂ ಕೇಳಲಿಲ್ಲ, ನಾನೇ ಹೇಳಿದೆ. ಮೂರು ಕಿತ್ತು ನಾಲ್ಕನೆಯದನ್ನು ಸಂಜೆಗೆ ಬಿಟ್ಟೆನಲ್ಲ, ಆ ಇಡೀ ತಿಂಗಳಲ್ಲಿ ನನ್ನ ನಿದ್ದೆ ಕೆಡಿಸಿದ್ದು ಅದೊಂದೇ. ಬರೆಯುವಾಗ ಆದದ್ದು ಅರಿಯದ ತಪ್ಪು, ಕೀಳದೆ ಬಿಟ್ಟದ್ದು ಹಾಗಲ್ಲ.

2026ರ ಪಟ್ಟಿ

2026ರ ವಿಶ್ವಕಪ್ಪಿನ ಪಟ್ಟಿ ಬಂದಾಗ ಬಳಗದವರು ಮೊದಲು ನನ್ನ ಮುಖ ನೋಡಿದರು. ಅಮೆರಿಕ, ಕೆನಡಾ, ಮೆಕ್ಸಿಕೊ ಸೇರಿ 16 ಊರು, 48 ತಂಡ, 104 ಪಂದ್ಯ. ಹುಬ್ಬಳ್ಳಿ-ಹಾವೇರಿ ನಡುವೆ ಕೂರಿಸುವ ಮಾತೇ ಇಲ್ಲ, ಮಕ್ಕಳಿಗೆ ಈ ಸಲ ಗೋಡೆಯೇ ಸಾಲದು. ಉದ್ಘಾಟನೆ ಮೆಕ್ಸಿಕೊ ನಗರದ ಅಜ್ಟೆಕಾ ಕ್ರೀಡಾಂಗಣದಲ್ಲಿ ಜೂನ್ 11ರ ಮಧ್ಯಾಹ್ನ 1ಕ್ಕೆ. ಫೈನಲ್ ನ್ಯೂಯಾರ್ಕ್ ಪಕ್ಕದ ನ್ಯೂಜೆರ್ಸಿಯಲ್ಲಿ ಜುಲೈ 19ರ ಮಧ್ಯಾಹ್ನ 3ಕ್ಕೆ. ಎರಡನ್ನೂ ನಮ್ಮ ಗಡಿಯಾರಕ್ಕೆ ಇಳಿಸಿದರೆ ಬರುವುದು ಒಂದೇ ಹೊತ್ತು: ರಾತ್ರಿ 12.30.

ನಾನು ಬರೆದುಕೊಂಡು ಚಾದಂಗಡಿಗೆ ಹೋದೆ. ‘ಗುರುವಾರ ರಾತ್ರಿ, ಊಟಾ ಮಾಡಿ ಮಲಗೂಕಿಂತ ಮೊದಲ.’ ಐದು ಜನರಲ್ಲಿ ನಾಲ್ಕು ಜನ ಗುರುವಾರ ಅಂದರು. ಐದನೆಯವರು ಚಾದಂಗಡಿಯವರೇ. ಪೋಸ್ಟರನ್ನು ತಿರುಗಿಸಿ ಮುರುಗಿಸಿ ನೋಡಿ, ‘ಜೂನ್ ಅಂದ್ರ ಮಳಿ ಹಿಡದಿರ್ತದಲ್ರಿ. ನಿಮ್ಮ 974 ಸೋರೂದಿಲ್ಲೇನು?’ ಅಂದರು.

ಸೋರುತ್ತದೆ. ತಗಡು ಬದಲಿಸುವ ಲೆಕ್ಕ ಹಾಕುತ್ತಾ ಕೂತಿದ್ದೇನೆ.